ಆರಬೇಕಾದ ದೀಪ

ನಮ್ಮ ಮನೆಯಲ್ಲಿ ದೀಪ ಆರಿತು ಎಂದು ಯಾರೂ ಹೇಳುವಂತಿರಲಿಲ್ಲ. ಎಣ್ಣೆ ತೀರಿ, ಬತ್ತಿ ಕರಕಾಗಿ, ದೇವರ ಮುಂದಿನ ಹಣತೆ ಕಣ್ಣೆದುರೇ ಹೊಗೆಯಾಡಿದರೂ ಅವ್ವ ಅದನ್ನು ‘ದೀಪ ಶಾಂತ ಆತು’ ಎಂದೇ ಹೇಳುತ್ತಿದ್ದಳು; ಬಾಯಿತಪ್ಪಿ ಬೇರೆ ಮಾತು ಆಡಿದವರ ನೆತ್ತಿಯ ಮೇಲೆ ಮೊಟಕುತ್ತಿದ್ದಳು. ಇಂಥ ಮನೆಯಲ್ಲಿ ಹುಟ್ಟಿದವನು, ಒಂದು ದೀಪ ಯಾವಾಗ ಆರೀತೆಂದು ಕಾಯುವುದರಲ್ಲೇ ಆಯುಷ್ಯ ಕಳೆದೆ ಎಂದರೆ ನೀವು ನಗಬಹುದು. ಬಸ್ಸು, ಲಾರಿ, ಟ್ರ್ಯಾಕ್ಟರುಗಳಲ್ಲಿ ಚಾಲಕನ ಮುಂದೆ ಅಂಗಿಯ ಗುಂಡಿಯಷ್ಟು ಚಿಕ್ಕದಾದ ಒಂದು ಕೆಂಪು ದೀಪ ಇರುತ್ತದೆ. ಕೀಲಿ ತಿರುವಿದಾಗ ಅದು ಹೊತ್ತಬೇಕು. ಎಂಜಿನ್ ಓಡತೊಡಗಿದ ಮೇಲೆ ಆರಬೇಕು. ಆರಿದರೆ, ಎಂಜಿನ್ನಿನ ಪಕ್ಕದಲ್ಲಿ ಕುಳಿತ ಆಲ್ಟರ್ನೇಟರ್ ತಿರುಗುತ್ತ ತಿರುಗುತ್ತ ಕರೆಂಟು ಹುಟ್ಟಿಸಿ ಬ್ಯಾಟರಿಗೆ ಉಣಿಸುತ್ತಿದೆ ಎಂದು ಅರ್ಥ. ಆರದಿದ್ದರೆ ಆ ಗಾಡಿ ಹುಬ್ಬಳ್ಳಿಯ ನನ್ನ ಅಂಗಡಿಯ ಮುಂದೆ ಬಂದು ನಿಂತಿತೆಂದೇ ಅರ್ಥ.

ಎಸ್ಸೆಸ್ಸೆಲ್ಸಿ ದಾಟಿದವನೇ ವೈರು ಹಿಡಿದವನು ನಾನು. ಕಸುಬಿನ ವಿಷಯದಲ್ಲಿ ನನಗೆ ವಿನಯ ಎಂಬುದು ಎಂದೂ ಇರಲಿಲ್ಲ, ಈಗಲೂ ಇಲ್ಲ. ಇದ್ದಂತೆ ನಟಿಸಿದರೆ ಈ ಬರಹವೇ ಸುಳ್ಳಾದೀತು. ಎಂಜಿನ್ನಿನ ಸದ್ದು ಕೇಳಿ ಅದರ ಕಾಯಿಲೆ ಹೇಳುತ್ತಿದ್ದೆ. ಹೊಸ ಅಳತೆಯಂತ್ರಗಳು ಬಂದಾಗ ಅವನ್ನು ಕೊಂಡು ಗೂಟಕ್ಕೆ ತೂಗುಹಾಕಿದೆನೇ ಹೊರತು, ನಂಬಿದ್ದು ನನ್ನ ಬೆರಳನ್ನೇ. ಓಡುವ ಎಂಜಿನ್ನಿನ ಬ್ಯಾಟರಿಯಿಂದ ಒಂದು ವೈರನ್ನು ಮೆಲ್ಲಗೆ ಎತ್ತಿಬಿಡುವುದು, ಬಲ್ಬುಗಳು ಆಗಲೂ ಉರಿಯುತ್ತಿದ್ದರೆ ಕರೆಂಟು ಹುಟ್ಟುತ್ತಿದೆ ಎಂದು ತಿಳಿಯುವುದು, ಇದು ನಮ್ಮ ಓಣಿಯ ಮೇಸ್ತ್ರಿಗಳೆಲ್ಲರ ಪದ್ಧತಿ. ನನ್ನ ಅಂಗಡಿಯಲ್ಲಿ ಅದಕ್ಕೆ ‘ನಾಡಿ ನೋಡುವುದು’ ಎಂದು ಹೆಸರು. ಹಳೆಯ ಡೈನಮೋಗಳು ಈ ಚೇಷ್ಟೆಯನ್ನು ಎಮ್ಮೆಯ ಹಾಗೆ ಸಹಿಸಿಕೊಳ್ಳುತ್ತಿದ್ದವು. ಈಗಿನವು ಸಹಿಸುವುದಿಲ್ಲ ಎಂದು ಕಂಪನಿಯವರು ಹೇಳುತ್ತಿದ್ದುದು ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ.

ಅಂಗಡಿ ಮುಚ್ಚಿದ ಮೇಲೆ ಬೇಸಿಗೆಗೊಮ್ಮೆ ನಾನೂ ನನ್ನ ಹೆಂಡತಿ ಶಾಂತವ್ವನೂ ಡಚ್ಚರ ನಾಡಿನ ಲೈಡನ್ನಿನಲ್ಲಿರುವ ಮಗಳು ಗಿರಿಜಾಳ ಮನೆಗೆ ಹೋಗಿ ಇದ್ದುಬರುತ್ತೇವೆ. ಅವಳು ಅಲ್ಲಿ ಸಂಶೋಧಕಿ. ಗಾಜಿನ ತಟ್ಟೆಗಳಲ್ಲಿ ಜೀವಕೋಶ ಬೆಳೆಸುತ್ತಾಳೆ. ಅಳಿಯ ಮಹಾಂತೇಶ ದಿನವೂ ಟ್ರೇನು ಹಿಡಿದು ಯುಟ್ರೆಕ್ಟಿನ ಕಂಪ್ಯೂಟರ್ ಕಚೇರಿಗೆ ಹೋಗಿಬರುತ್ತಾನೆ. ಕಾರು ನಿಲ್ಲಿಸಲು ಜಾಗವಿಲ್ಲದೆ ಜನ ಪರದಾಡುವ ಆ ಊರಿನ ಕಾಲುವೆಗಳಲ್ಲಿ ದೋಣಿ ನಿಲ್ಲಿಸಲು ಬೇಕಾದಷ್ಟು ಜಾಗವಿದೆ. ಹಾಗೆಂದೇ ಇರಬೇಕು, ಆ ವರ್ಷ ನಾವು ಹೋಗುವಷ್ಟರಲ್ಲಿ ಅವರಿಬ್ಬರೂ ಸೇರಿ ನಮ್ಮ ಸಿಟಿ ಬಸ್ಸಿನ ಅರ್ಧದಷ್ಟು ಉದ್ದದ ಹಳೆಯ ಕಬ್ಬಿಣದ ದೋಣಿಯೊಂದನ್ನು ಕೊಂಡಿದ್ದರು. ಡೀಸೆಲ್ ಎಂಜಿನ್, ಒಳಗೆ ಒಲೆ, ಮಲಗಲು ಎರಡು ಹಲಗೆ. ವೈರಿಂಗು ಮಾತ್ರ ಇಲಿ ಕಡಿದ ಸೆಣಬಿನ ಚೀಲದಂತಿತ್ತಂತೆ. ಗಿರಿಜಾ ಇಡೀ ಚಳಿಗಾಲ ಪುಸ್ತಕ ಓದಿ, ವಿಡಿಯೋ ನೋಡಿ, ರಜೆಯ ದಿನಗಳಲ್ಲಿ ಹೆಪ್ಪುಗಟ್ಟಿದ ಬೆರಳುಗಳನ್ನು ಉಸಿರಿನಿಂದ ಕಾಯಿಸಿಕೊಳ್ಳುತ್ತ ಅದನ್ನೆಲ್ಲ ಕಿತ್ತು ಹೊಸದಾಗಿ ಕಟ್ಟಿದ್ದಳು.

ನನ್ನನ್ನು ಕರೆದೊಯ್ದು ಎಂಜಿನ್ನಿನ ಮುಚ್ಚಳ ತೆಗೆದು ತೋರಿಸಿದಾಗ ಬಗ್ಗಿ ನೋಡಿದೆ. ಹೆಣೆದ ಜಡೆಯಂತೆ ಒಪ್ಪವಾಗಿ ಮಲಗಿದ ವೈರುಗಳು. ಒಂದೊಂದರ ಕೊರಳಿಗೂ ಅವಳ ದುಂಡು ಅಕ್ಷರದ ಕನ್ನಡ ಚೀಟಿ. ಎಂಜಿನ್ನಿಗೂ ಬ್ಯಾಟರಿಗೂ ನಡುವೆ ಕೆಂಪು ಹಿಡಿಯ ಹೊಸ ಸ್ವಿಚ್ಚು. ಊಟದ ಡಬ್ಬಿ ತಂದು ಅಂಗಡಿಯ ಹೊಸ್ತಿಲ ಮೇಲೆ ಕಾಲು ಬಿಟ್ಟುಕೊಂಡು ಕೂರುತ್ತಿದ್ದ ಹುಡುಗಿ, ಅಪ್ಪನನ್ನು ಒಂದು ಮಾತೂ ಕೇಳದೆ ಅಪ್ಪನ ಕಸುಬನ್ನು ಕಲಿತುಬಿಟ್ಟಿದ್ದಳು. ಹೆಮ್ಮೆಯಾಯಿತೇ ಎಂದು ಕೇಳುತ್ತೀರಿ. ಆಯಿತು, ಎದೆ ಬಿರಿಯುವಷ್ಟು ಆಯಿತು. ಆದರೆ ಆ ಹೆಮ್ಮೆಯ ಬೆನ್ನಿಗೆ ಅಂಟಿಕೊಂಡು ಇನ್ನೊಂದು ಬಂತು. ಅದರ ಹೆಸರು ಹೇಳಲು ಈಗಲೂ ನಾಚಿಕೆ. ಎಲ್ಲಾದರೂ ಒಂದು ತಪ್ಪು ಸಿಗಲಿ, ನಾನು ತಿದ್ದುವಂಥದ್ದು ಒಂದಾದರೂ ಇರಲಿ ಎಂದು ನನ್ನ ಕಣ್ಣು ಆ ವೈರುಗಳ ನಡುವೆ ಹುಡುಕುತ್ತಿತ್ತು.

“ಹೆಂಗೈತ್ರಿ ಅಪ್ಪಾ?” ಎಂದಳು.

“ನೋಡೂಣಂತ,” ಎಂದೆ. ನೋಡಿ, ‘ಚಲೋ ಐತಿ’ ಎಂಬ ಎರಡೇ ಮಾತು, ಅದಕ್ಕೂ ಜಿಪುಣತನ.

ಎಂಜಿನ್ ಓಡುತ್ತಿರಲಿ, ಬ್ಯಾಟರಿ ತುಂಬಲಿ ಎಂದು ಹೇಳಿ ಗಂಡಹೆಂಡತಿ ಸೈಕಲ್ಲೇರಿ ಬ್ರೆಡ್ಡು ತರಲು ಹೋದರು. ಒಳಗೆ ಶಾಂತವ್ವ ಒಗ್ಗರಣೆ ಅವಲಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಕೆಂಪು ದೀಪ ಆರಿತ್ತು. ಗಿರಿಜಾ ಕೂರಿಸಿದ ಮೀಟರೂ ಎಲ್ಲ ಸರಿಯಿದೆ ಎಂದೇ ಹೇಳುತ್ತಿತ್ತು. ನನಗೆ ಅದು ಸಾಲಲಿಲ್ಲ. ಬಗ್ಗಿದೆ, ಸ್ಪ್ಯಾನರ್ ಹಾಕಿ ಬ್ಯಾಟರಿಯ ಒಂದು ವೈರನ್ನು ಎತ್ತಿದೆ, ನಾಡಿ ನೋಡಿದೆ.

ಚಾವಣಿಯ ಬಲ್ಬು ಮಿಂಚಿನಂತೆ ಬೆಳ್ಳಗೆ ಉರಿದು ಹೋಯಿತು. ಹುಟ್ಟಿದ ಕರೆಂಟಿಗೆ ಹೋಗಲು ದಾರಿಯಿಲ್ಲದೆ ಅದು ತಾನು ಹುಟ್ಟಿದ ಮನೆಯನ್ನೇ ಸುಟ್ಟಿತ್ತು. ಆರಿದ್ದ ಕೆಂಪು ದೀಪ ಮತ್ತೆ ಹೊತ್ತಿಕೊಂಡು ನನ್ನನ್ನೇ ದಿಟ್ಟಿಸಿತು. ಮೂಗಿಗೆ ಬಡಿದ ಸುಟ್ಟ ವಾಸನೆ ನನಗೆ ಹೊಸದಲ್ಲ.

“ಏನ್ ಮಾಡಿದ್ರಿ?” ಒಳಗಿನಿಂದ ಶಾಂತವ್ವ ಚಾಕು ಹಿಡಿದೇ ಇಣುಕಿದಳು.

“ಏನಿಲ್ಲ.”

“ಏನಿಲ್ಲದ್ದು ಇಷ್ಟು ನಾರ್ತೈತೇನು?”

ನಾನು ವೈರನ್ನು ಮೊದಲಿದ್ದಂತೆ ಕೂರಿಸಿ ನಟ್ಟು ಬಿಗಿದೆ. ಆಲ್ಟರ್ನೇಟರ್ ಸತ್ತಿತ್ತು.

ಮರಳಿ ಬಂದ ಗಿರಿಜಾ ದೀಪ ನೋಡಿದಳು, ಮೀಟರ್ ನೋಡಿದಳು, ಫೋನಿನಲ್ಲಿ ಏನೇನೋ ಓದಿದಳು. ಎಂಜಿನ್ ಓಡುವಾಗ ಬ್ಯಾಟರಿಯ ಸ್ವಿಚ್ಚನ್ನು ಯಾರಾದರೂ ಬಂದ್ ಮಾಡಿದರೆ ಹೀಗಾಗುತ್ತದೆ ಎಂದು ಅಲ್ಲಿ ಬರೆದಿತ್ತು. ಮುಚ್ಚಳ ಹಾಕುವಾಗ ತನ್ನ ಮೊಣಕೈ ಹೊಸ ಸ್ವಿಚ್ಚಿಗೆ ತಾಗಿ ಒಂದು ಕ್ಷಣ ಅದು ತಿರುಗಿರಬೇಕು ಎಂದು ತಾನೇ ತೀರ್ಮಾನಿಸಿಕೊಂಡಳು. ಮಹಾಂತೇಶ ತಮಾಷೆಯ ಮನುಷ್ಯ, ಕೆಟ್ಟವನಲ್ಲ. “ಲ್ಯಾಬಿನ್ಯಾಗ ಜೀವ ಬೆಳೆಸಾಕಿ, ಇಲ್ಲಿ ಬಂದು ಜೀವ ತಗದ್ಲು ನೋಡ್ರಿ ಮಾವಾರ!” ಎಂದ. ಯಾರೂ ನಗಲಿಲ್ಲ. ನಾನು ಮಾತ್ರ ನಕ್ಕಂತೆ ಮಾಡಿದೆ. ಅದು ಎರಡನೆಯ ಪಾಪ.

“ದೋಣಿ ಮಾರಿಬಿಡೂಣು,” ಎಂದಳು ಗಿರಿಜಾ ಆ ಸಂಜೆ. “ದೊಡ್ಡ ಕೆರಿ ನಡುವ ಹಿಂಗಾದ್ರ? ಅವ್ವ ಇರ್ತಾಳ, ನೀವಿರ್ತೀರಿ. ನನ್ನ ಕೈ ಮ್ಯಾಲೆ ನನಗಽ ನಂಬಿಕಿ ಇಲ್ಲ.”

ಚಳಿಗಾಲವಿಡೀ ಕಲಿತದ್ದೆಲ್ಲ ಆ ಒಂದು ಮಾತಿನಲ್ಲಿ ನೀರಿಗೆ ಬೀಳುತ್ತಿತ್ತು. ಅದನ್ನು ತಡೆಯಲು ನನ್ನ ಒಂದು ವಾಕ್ಯ ಸಾಕಿತ್ತು. ಒಂದು ವಾರ ಅದನ್ನು ಹೇಳದೆ ಉಳಿದೆ. ಏಕೆಂದು ಎಷ್ಟೋ ಸಲ ಯೋಚಿಸಿದ್ದೇನೆ. ಆ ದೇಶದಲ್ಲಿ ನನಗೆ ಭಾಷೆ ಬಾರದು. ಸೈಕಲ್ಲಿನವರು ಗಂಟೆ ಬಾರಿಸಿದರೆ ಯಾವ ಕಡೆ ಸರಿಯಬೇಕೆಂದೂ ತಿಳಿಯದು. ಅಂಗಡಿಯಲ್ಲಿ ಹಾಲು ಯಾವುದು, ಮಜ್ಜಿಗೆ ಯಾವುದು ಎಂದು ಬೇರೆಯವರು ಹೇಳಬೇಕು. ಅಲ್ಲಿ ನನ್ನದೆನ್ನುವ ಆಸ್ತಿ ಒಂದೇ, ಇವನು ಕರೆಂಟು ಬಲ್ಲವನು ಎಂಬ ಹೆಸರು. ಅದನ್ನೂ ಕೊಟ್ಟುಬಿಟ್ಟರೆ ಉಳಿಯುವುದು ಟೋಪಿ ಹಾಕಿಕೊಂಡ ಒಬ್ಬ ಮುದುಕ. ಹೀಗೆಲ್ಲ ನನಗೆ ನಾನೇ ವಕೀಲನಾದೆ. ಆದರೆ ನನ್ನ ಹೆಸರನ್ನು ಉಳಿಸಿಕೊಳ್ಳಲು ಮಗಳ ಹೆಸರನ್ನು ಒತ್ತೆಯಿಡುತ್ತಿದ್ದೇನೆ ಎಂಬುದನ್ನು ಯಾವ ವಕೀಲನೂ ಮುಚ್ಚಿಡಲಾರ.

ಮುಂದಿನ ಶನಿವಾರ ಪಕ್ಕದ ದೋಣಿಯ ಹೆಂಕ್ ಎಂಬ ನಿವೃತ್ತ ಮನುಷ್ಯ ತನ್ನ ಪರಿಚಯದವರ ಬಳಿಯಿಂದ ಬದಲಿ ಆಲ್ಟರ್ನೇಟರ್ ತಂದುಕೊಟ್ಟ. ಗಿರಿಜಾ ಅದನ್ನು ಕೈಯಲ್ಲಿ ಹಿಡಿದು ನೋಡಿ, ಸ್ಪ್ಯಾನರನ್ನು ನನ್ನ ಕಡೆ ಚಾಚಿದಳು.

“ನೀವ ಹಾಕ್ರಿ ಅಪ್ಪಾ. ಮಾರೂದಕ್ಕರ ಛಂದ ಇರಲಿ.”

ಹಾಕತೊಡಗಿದೆ. ಅದೇ ನನ್ನ ಮೂರನೆಯ ಪಾಪವಾಗುತ್ತಿತ್ತು. ನಾನೇ ಕೊಂದದ್ದನ್ನು ನಾನೇ ಬದುಕಿಸಿ ದೊಡ್ಡವನಾಗುವ ಅವಕಾಶ ಅದು. ಎಂಜಿನ್ನಿನ ಗುಂಡಿಯೊಳಗೆ ಅರ್ಧ ಮೈ ಇಳಿಸಿ, ಬೋಲ್ಟು ಬಿಗಿದು, ಬೆಲ್ಟು ಎಳೆದು, ದಪ್ಪ ಕೆಂಪು ವೈರನ್ನು ಅದರ ಜಾಗಕ್ಕೆ ಸೇರಿಸಿದೆ. ಮಗಳು ಟಾರ್ಚು ಹಿಡಿದು ನಿಂತಿದ್ದಳು. ಆ ಬೆಳಕು ಒಂದಿಷ್ಟೂ ಅಲುಗದೆ ನಿಂತಿತ್ತು. ಅಷ್ಟು ಸ್ಥಿರವಾದ ಕೈ ತನ್ನನ್ನು ತಾನೇ ನಂಬದೆ ಹೋಗಿತ್ತು.

ಬೆನ್ನ ಹಿಂದೆ ಶಾಂತವ್ವನ ಧ್ವನಿ ಕೇಳಿತು. “ರೀ, ನೀವ ಹೇಳ್ತೀರೋ, ನಾ ಹೇಳ್ಲೋ?”

“ಏನ್ ಹೇಳೂದ?” ಎಂದಳು ಗಿರಿಜಾ.

ನನ್ನ ತಲೆ ಎಂಜಿನ್ನಿನ ಪಕ್ಕದಲ್ಲಿತ್ತು. ಮಗಳ ಮುಖ ಕಾಣುತ್ತಿರಲಿಲ್ಲ. ಹೇಡಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಎಣ್ಣೆಯ ವಾಸನೆಯ ಕತ್ತಲಿಗೆ ಹೇಳಿದೆ: “ಗಿರಿಜಾ, ನಿನ್ನ ಮೊಣಕೈ ಏನೂ ಮಾಡಿಲ್ಲ. ಎಂಜಿನ್ ಓಡ್ವಾಗ ನಾನಽ ಬ್ಯಾಟರಿ ವೈರ್ ಎತ್ತೀನಿ. ಸುಟ್ಟಾಂವ ನಾನು.”

ಟಾರ್ಚಿನ ಬೆಳಕು ಆಗ ಮಾತ್ರ ಅಲುಗಿತು.

“ಯಾಕ?”

“ನಾಡಿ ನೋಡಾಕ.”

“ಮೀಟರ್ ಇತ್ತಲ್ಲ?”

“ಇತ್ತು.”

“ಮತ್ತ?”

“ನೀ ಏನರ ತಪ್ಪ ಮಾಡಿರ್ತೀ ಅಂತ ನೋಡಾಕತ್ತಿದ್ದೆ. ಮಾಡಿರ್ಲಿಲ್ಲ.”

ಆಮೇಲೆ ಅವಳು, “ಒಂದ್ ವಾರ, ಅಪ್ಪಾ. ಒಂದ್ ವಾರ ನಾ ನಿದ್ದಿ ಮಾಡಿಲ್ಲ,” ಎಂದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. “ಹೊರಗ ಬರ್ರಿ,” ಎಂದಳು.

ಹೊರಗೆ ಬಂದೆ. ಟಾರ್ಚು ನನ್ನ ಕೈಗೆ ಬಂತು. ಅವಳು ಇಳಿದು ಮೊದಲು ಬ್ಯಾಟರಿಯ ವೈರು ಬಿಚ್ಚಿದಳು. ಅವಸರದಲ್ಲಿ ನಾನು ಅದನ್ನೂ ಬಿಚ್ಚಿರಲಿಲ್ಲ. ಆಮೇಲೆ ನನ್ನ ಕೆಲಸವನ್ನು ಹಿಂದೆ ಮುಂದೆ ನೋಡಿ, ನಾನು ಎಂಜಿನ್ನಿನ ಮೈಗೇ ಕಟ್ಟಿದ್ದ ಕಪ್ಪು ವೈರನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ತೋರಿಸಿದಳು.

“ಇದೇನಿದು?”

“ಅರ್ಥಿಂಗ್ ವೈರು. ಬಸ್ಸಿನ್ಯಾಗ ಗಾಡಿ ಮೈಗೇ ಕೊಡ್ತೀವಲ್ಲ.”

“ಇದು ಬಸ್ ಅಲ್ರಿ. ಕಬ್ಬಿಣದ್ದು, ಅದೂ ನೀರಾಗ ನಿಂತೈತಿ. ಮೈಯಾಗ ಕರೆಂಟ್ ಹರದ್ರ ನೀರು ಕಬ್ಬಿಣಾನ ತಿಂದುಬಿಡತೈತಿ. ಅದಕ್ಕಽ ಇದಕ್ಕ ಬ್ಯಾರೆ ದಾರಿ ಮಾಡೀನಿ, ಸೀದಾ ಬ್ಯಾಟರಿಗಿ.”

“ನಿಮ್ಮಪ್ಪಗ ನೀರಂದ್ರ ಕುಡಿಯೂದಷ್ಟ ಗೊತ್ತು,” ಎಂದಳು ಶಾಂತವ್ವ.

ಮಗಳು ನಗಲಿಲ್ಲ, ಆದರೆ ಮೂಗಿನ ತುದಿ ಅರಳಿತು. ಅದನ್ನು ನಾನು ಕಂಡೆ. ಕಪ್ಪು ವೈರನ್ನು ಅದರ ಸ್ವಂತ ದಾರಿಗೆ ಸೇರಿಸಿ, ಕೊನೆಗೆ ‘ದೀಪ’ ಎಂದು ಚೀಟಿಯಿದ್ದ ತೆಳು ವೈರನ್ನು ಎತ್ತಿಕೊಂಡಳು. ಈ ತೆಳು ವೈರಿನ ಬಗ್ಗೆ ನಿಮಗೊಂದು ಮಾತು ಹೇಳಬೇಕು. ಆಲ್ಟರ್ನೇಟರ್ ಎಷ್ಟೇ ಜೋರಾಗಿ ತಿರುಗಲಿ, ತನ್ನಷ್ಟಕ್ಕೆ ತಾನು ಕರೆಂಟು ಹುಟ್ಟಿಸಲಾರದು. ಮೊದಲ ಚಿಟಿಕೆಯಷ್ಟು ಹೊರಗಿನಿಂದ ಸಿಗಬೇಕು. ಆ ಚಿಟಿಕೆಯನ್ನು ಕೊಡುವುದು ಕೆಂಪು ದೀಪ. ತಾನು ಉರಿಯುತ್ತ, ತನ್ನ ಮೂಲಕ ಹಾದುಹೋಗುವ ಒಂದಿಷ್ಟನ್ನು ಅದಕ್ಕೆ ಕಳಿಸುತ್ತದೆ. ಅದು ತನ್ನ ಕಾಲ ಮೇಲೆ ನಿಂತಿತೋ, ದೀಪದ ಕೆಲಸ ಮುಗಿಯಿತು. ಜೀವಮಾನವಿಡೀ ಜೋಡಿಸಿದ ವೈರು ಇದು. ಇದರ ಅರ್ಥವನ್ನು ನಾನು ಯೋಚಿಸಿದ್ದು ಮಗಳ ಬೆರಳುಗಳು ಅದನ್ನು ಬಿಗಿಯುವಾಗ. ಆರಬೇಕಾದ ಹೊತ್ತಿಗೆ ಆರದೆ ಉರಿಯುತ್ತಲೇ ಇರುತ್ತೇನೆಂದು ಹಟ ಹಿಡಿಯುವ ದೀಪ ಬೆಳಕನ್ನು ತೋರಿಸುವುದಿಲ್ಲ, ಕೆಡುಕನ್ನೇ ತೋರಿಸುತ್ತದೆ. ಅಪ್ಪಂದಿರಾದ ನಾವು ಇದನ್ನು ಕೆಲಸದಿಂದ ಬಲ್ಲೆವು, ಮನಸ್ಸಿನಿಂದ ಒಪ್ಪೆವು.

ಬ್ಯಾಟರಿ ಜೋಡಿಸಿ, ಸ್ವಿಚ್ಚು ತಿರುವಿ, ಗಿರಿಜಾ ಮೇಲೆ ಬಂದಳು. ಕೀಲಿಯ ಮೇಲೆ ಬೆರಳಿಟ್ಟು ಒಮ್ಮೆ ನನ್ನ ಕಡೆ ನೋಡಿದಳು. ಹಾಕಲೇ ಎಂದು ಕೇಳಲಿಲ್ಲ. ತಿರುವಿದಳು. ದೀಪ ಹೊತ್ತಿತು, ಎಂಜಿನ್ ಕೆಮ್ಮಿತು, ಗದರಿತು, ಒಂದೇ ಲಯಕ್ಕೆ ಬಂತು, ದೀಪ ಆರಿತು. ಹೌದು, ಆರಿತು ಎಂದೇ ಬರೆಯುತ್ತಿದ್ದೇನೆ. ಅವ್ವ ಎಲ್ಲಿದ್ದಾಳೋ ಅಲ್ಲಿಂದಲೇ ಮೊಟಕಲಿ. ಮೀಟರಿನ ಮುಳ್ಳು ಮೇಲೇರಿ ನಿಂತಿತು. ನಾನು ನಾಡಿ ನೋಡಲಿಲ್ಲ. ಮೀಟರನ್ನು ನೋಡಿದೆ, ನಂಬಿದೆ, ಮತ್ತು ತಡವಾಗಿ ಸಿಕ್ಕ ಆ ಎರಡು ಮಾತು ಹೇಳಿದೆ: “ಚಲೋ ಐತಿ.”

“ಗೊತ್ತೈತಿ,” ಎಂದಳು.

ದೋಣಿಯನ್ನು ಮಾರುವ ಮಾತನ್ನು ಅವಳು ವಾಪಸು ತೆಗೆದುಕೊಳ್ಳಲಿಲ್ಲ, ನಾನೂ ಕೇಳಲಿಲ್ಲ. ನಾನು ಕೇಳುವ ಹಕ್ಕನ್ನು ಆ ಕಾಲುವೆಗೇ ಬಿಟ್ಟಿದ್ದೆ. ಎಲ್ಲರೂ ಅವಲಕ್ಕಿ ತಿನ್ನುತ್ತಿದ್ದಾಗ ಹೆಂಕ್ ತನ್ನ ದೋಣಿಯಿಂದ ಇಳಿದು ಬಂದ. ನಮ್ಮ ಎಂಜಿನ್ನಿನ ಸದ್ದು ಕೇಳಿಸಿಕೊಂಡ, ತಲೆದೂಗಿದ, ನನ್ನ ಬಿಳಿ ಮೀಸೆಯನ್ನೂ ಕೈಯ ಕಪ್ಪನ್ನೂ ನೋಡಿ, ಗೌರವದಿಂದ ನನಗೇ ಏನೋ ಹೇಳಿದ. ತನ್ನ ದೋಣಿಯ ಬ್ಯಾಟರಿಯೂ ತುಂಬುತ್ತಿಲ್ಲ, ನೀವು ಸ್ವಲ್ಪ ನೋಡುತ್ತೀರಾ ಎಂದು ಕೇಳುತ್ತಿದ್ದಾನೆಂದು ಗಿರಿಜಾ ತಿಳಿಸಿದಳು. ನಾನು ಏನು ಮಾಡುತ್ತೇನೆಂದು ಎಲ್ಲರೂ ಕಾಯುತ್ತಿದ್ದರು. ಮಹಾಂತೇಶನೂ ಜೋಕು ಮಾಡಲಿಲ್ಲ.

ನನಗೆ ಬರುವ ಡಚ್ಚು ಶಬ್ದಗಳೆಲ್ಲ ಸೇರಿದರೆ ಒಂದು ಹಿಡಿಯಾಗವು. ಅವುಗಳಲ್ಲಿ ಒಂದನ್ನೂ ಬಳಸದೆ, ತಟ್ಟೆ ಕೆಳಗಿಟ್ಟು, ಕಪ್ಪು ಹತ್ತಿದ ಬೆರಳಿನಿಂದ ಮಗಳನ್ನು ತೋರಿಸಿದೆ. ನನ್ನ ಎರಡೂ ಕೈಗಳನ್ನು ಖಾಲಿ ಮಾಡಿ ಅವನಿಗೆ ತೋರಿಸಿ, ಮತ್ತೊಮ್ಮೆ ಅವಳನ್ನೇ ತೋರಿಸಿದೆ. ಹೆಂಕನಿಗೆ ತಿಳಿಯಿತು. ಅವನು ಅವಳ ಕಡೆ ತಿರುಗಿ ಅದೇ ಗೌರವದಿಂದ ಅದೇ ಪ್ರಶ್ನೆ ಕೇಳಿದ.

ಗಿರಿಜಾ ಒಂದು ಗಳಿಗೆ ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಕೂದಲು ಎತ್ತಿ ಕಟ್ಟಿಕೊಂಡು ಹಲಗೆ ದಾಟಿ ಹೆಂಕನ ದೋಣಿಯ ಕಡೆ ನಡೆದಳು. ಅರ್ಧ ದಾರಿಯಲ್ಲಿ ತಿರುಗದೆಯೇ ಕೂಗಿದಳು:

“ಅಪ್ಪಾ, ಆ ಸಾಮಾನಿನ ಚೀಲಾ ತಗೊಂಡು ಬರ್ರಿ. ಏನೂ ಮುಟ್ಟಬ್ಯಾಡ್ರಿ ಮತ್ತ!”

ಶಾಂತವ್ವ ಸೆರಗು ಬಾಯಿಗಿಟ್ಟು ನಕ್ಕಳು. ಕಸುಬಿಗೆ ಬಂದಂದಿನಿಂದ ನನ್ನ ಚೀಲವನ್ನು ಬೇರೆಯವರು ಹೊತ್ತಿದ್ದರೇ ಹೊರತು ಇನ್ನೊಬ್ಬರದನ್ನು ನಾನು ಹೊತ್ತವನಲ್ಲ. ಚೀಲ ಭಾರವಾಗಿತ್ತು. ಎತ್ತಿ ಹೆಗಲಿಗೇರಿಸಿ, ದಡದಲ್ಲಿ ನಿಂತವರಿಗೆಲ್ಲ ಕಾಣುವ ಹಾಗೆ ಎದೆ ಸೆಟೆಸಿ, ಮಗಳ ಹಿಂದೆ ನಡೆದೆ.