ಅಮಾವಾಸ್ಯೆಯಂದು ಮಗ್ಗದ ಮನೆಯಲ್ಲಿ

ಮಗ್ಗಕ್ಕೆ ಬಿಟ್ಟ ಎಣ್ಣೆ, ನೂಲಿಗೆ ಹಾಕಿದ ಗಂಜಿ, ಅದರ ಮೇಲೆ ಕೂತ ಧೂಳು... ಈ ಮೂರೂ ಕೂಡಿದ ವಾಸನೆ ಎಷ್ಟೋ ವರ್ಷಗಳ ಮೇಲೆ ಮೊನ್ನೆ ಮೂಗಿಗೆ ಬಡಿಯಿತು. ಮುಳಗುಂದದ ಹತ್ತಿರ ನಾನು ಕಲಿಸುವ ಶಾಲೆಯಲ್ಲಿ ತಿಂಗಳಿಗೊಂದು ಶನಿವಾರ ಮಕ್ಕಳು ಪುಸ್ತಕದ ಚೀಲ ತರುವುದಿಲ್ಲ. ಅಂದು ಪಾಠವಿಲ್ಲ, ಏನಾದರೊಂದನ್ನು ಕೈಯಾರೆ ಮಾಡಿ ನೋಡುವ ದಿನ. ಈ ಸಲ ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಫೋನ್ ಮಾಡೋಣ, ಮನೆಯಿಂದ ದಾರ ತನ್ನಿ ಎಂದಿದ್ದೆ. ಒಬ್ಬ ಹುಡುಗಿ ಅಜ್ಜಿಯ ಮನೆಯ ಅಟ್ಟದಿಂದ ನೂಲು ಸುತ್ತಿದ ಹಳೆಯ ಕಂಡಿಕೆಯನ್ನೇ ತಂದುಬಿಟ್ಟಿದ್ದಳು. ಅದನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ, ಮಕ್ಕಳು ಪರಸ್ಪರ ಮುಖ ನೋಡಿಕೊಂಡು ನಗುತ್ತಿದ್ದವು.

ಬೆಟಗೇರಿಯ ನಮ್ಮ ಓಣಿಯಲ್ಲಿ ನಾಲ್ಕು ಮನೆ ಆಚೆ ಒಬ್ಬ ಕಾಕಾ ಇದ್ದರು. ರಕ್ತಸಂಬಂಧವೇನಿರಲಿಲ್ಲ, ಓಣಿಯ ಮಕ್ಕಳಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕೂ. ವಿದ್ಯುತ್ ಮಗ್ಗ ಕೆಟ್ಟರೆ ರಿಪೇರಿ ಮಾಡುವುದು ಅವರ ಕೆಲಸ. ಮೂವತ್ತು ವರ್ಷ ಆ ಖಟಾಖಟ್ ಸದ್ದಿನ ನಡುವೆಯೇ ನಿಂತು ಅವರ ಕಿವಿ ಪೂರಾ ಹೋಗಿತ್ತು. ಪಕ್ಕದಲ್ಲಿ ಪಟಾಕಿ ಹೊಡೆದರೂ ತಿರುಗಿ ನೋಡುತ್ತಿರಲಿಲ್ಲ.

ನೇಕಾರರ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ. ತಿಂಗಳೆಲ್ಲ ನಡುಗುತ್ತಿದ್ದ ಗೋಡೆಗಳು ಅಂದು ಸುಮ್ಮನಾಗುತ್ತಿದ್ದವು. ಗುಬ್ಬಿ ಚಿಲಿಪಿಲಿ ಎನ್ನುವುದು, ಯಾರೋ ರೊಟ್ಟಿ ತಟ್ಟುವುದು ಎಲ್ಲ ಕೇಳುತ್ತಿತ್ತು. ಹಾಗೆ ಖಾಲಿ ಬಿದ್ದ ತಮ್ಮ ಮಗ್ಗದ ಮನೆಗೆ ಕಾಕಾ ನಮ್ಮನ್ನು ಕರೆಯುತ್ತಿದ್ದರು. ಹತ್ತು ಹನ್ನೆರಡು ಮಕ್ಕಳು. ಗದಗ ಸ್ಟೇಷನ್ನಿನ ಅಂಗಡಿಯಿಂದ ತಂದ ಯಾವುದೋ ಹಳೆಯ ಪುಸ್ತಕದಲ್ಲಿ ಚಿತ್ರ ನೋಡಿ, ತಿಂಗಳೆಲ್ಲ ತಲೆ ಓಡಿಸಿ, ಪ್ರತಿ ಅಮಾವಾಸ್ಯೆಗೆ ಒಂದು ಹೊಸ ಆಟ ತಯಾರು ಮಾಡಿ ಇಟ್ಟಿರುತ್ತಿದ್ದರು.

ಒಂದು ಅಮಾವಾಸ್ಯೆ ಕಿಟಕಿ ಬಾಗಿಲು ಎಲ್ಲ ಮುಚ್ಚಿಸಿ, ಸಂದಿಗಳಿಗೆ ಗೋಣಿ ತುರುಕಿಸಿ, ಬಾಗಿಲಿನಲ್ಲಿ ಒಂದೇ ಒಂದು ಸಣ್ಣ ತೂತು ಬಿಡಿಸಿದರು. ಎದುರಿಗೆ ತಮ್ಮ ಬಿಳಿ ಧೋತರ ಕಟ್ಟಿದರು. ಕತ್ತಲಿಗೆ ಕಣ್ಣು ಹೊಂದಿಕೊಂಡಂತೆ ಧೋತರದ ಮೇಲೆ ನಮ್ಮ ಓಣಿಯೇ ತಲೆಕೆಳಗಾಗಿ ಮೂಡಿತು. ಆಕಾಶ ಕೆಳಗೆ, ನೆಲ ಮೇಲೆ. ಕೊಡ ಹೊತ್ತ ಹೆಂಗಸೊಬ್ಬಳು ತಲೆ ಕೆಳಗೆ ಮಾಡಿ ನಡೆದುಹೋದಳು, ಒಂದು ಹನಿ ನೀರು ಚೆಲ್ಲಲಿಲ್ಲ. ಹಿಂದೆ ಒಂದು ಎಮ್ಮೆ ಬಂತು... ನಾವು ಉಸಿರು ಬಿಗಿಹಿಡಿದು ಕೂತಿದ್ದೆವು. ಈಗಲೂ ಒಮ್ಮೊಮ್ಮೆ ನನ್ನ ಕನಸಿನಲ್ಲಿ ಆ ಎಮ್ಮೆ ಬರುತ್ತದೆ, ಕಾಲು ಮೇಲೆ ಮಾಡಿ, ಯಾವ ಅವಸರವೂ ಇಲ್ಲದೆ.

ಅವರ ಕಲಿಸುವ ರೀತಿಯೇ ಬೇರೆ. ಶಾಲೆಯಲ್ಲಿ ನಾವು ಪ್ರಶ್ನೆಗೆ ಗಿಳಿಯ ಹಾಗೆ ಉತ್ತರ ಒಪ್ಪಿಸಿ ಪಾರಾಗುತ್ತಿದ್ದೆವು. ಕಾಕಾನ ಮುಂದೆ ಅದು ನಡೆಯುತ್ತಿರಲಿಲ್ಲ, ಒಪ್ಪಿಸಿದ್ದು ಅವರಿಗೆ ಕೇಳಬೇಕಲ್ಲ! "ಬಾಯಿಲೆ ಹೇಳಬ್ಯಾಡ್ರಿ, ಮಾಡಿ ತೋರಸ್ರಿ" ಎನ್ನುತ್ತಿದ್ದರು. ಕೊನೆಗೆ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ 'ಆತು' ಎಂದೋ 'ಆಗಲಿಲ್ಲ' ಎಂದೋ ಬರೆದಿಡುತ್ತಿದ್ದರು. ಆಗಲಿಲ್ಲ ಎಂದು ಬರೆಯುವಾಗ ಅವರ ಮುಖ ಒಂದಿಷ್ಟೂ ಸಪ್ಪಗಾಗುತ್ತಿರಲಿಲ್ಲ.

ನಾನು ಏಳನೆಯ ತರಗತಿಯಲ್ಲಿದ್ದಾಗ ಒಂದು ಅಮಾವಾಸ್ಯೆ ಚಮಚದ ಆಟ ಆಡಿಸಿದರು. ದಾರದ ನಡುವೆ ಸ್ಟೀಲ್ ಚಮಚ ಕಟ್ಟಿ, ಎರಡು ತುದಿಗಳನ್ನು ಬೆರಳಿಗೆ ಸುತ್ತಿ, ಆ ಬೆರಳುಗಳಿಂದ ಕಿವಿ ಮುಚ್ಚಿಕೊಳ್ಳಬೇಕು. ಚಮಚವನ್ನು ಬಾಗಿಲ ಚೌಕಟ್ಟಿಗೆ ತಾಗಿಸಿದರೆ ಗುಡಿಯ ದೊಡ್ಡ ಗಂಟೆ ಹೊಡೆದ ಹಾಗೆ ಕಿವಿಯೊಳಗೆ ಢಣ್ಣೆನ್ನುತ್ತಿತ್ತು. ಒಬ್ಬೊಬ್ಬರೂ ಬಿಟ್ಟ ಬಾಯಿ ಬಿಟ್ಟಂತೆ ನಿಂತೆವು. ಕಾಕಾ ಮಾತ್ರ ನಮ್ಮ ಮುಖ ನೋಡಿ ನಗುತ್ತ, ಗಂಟೆ ಎಷ್ಟು ದೊಡ್ಡದಿತ್ತು ಎಂದು ಕೈಯಲ್ಲಿ ತೋರಿಸಿ ಎಂದರು. ನಾನು ಎರಡೂ ಕೈ ಚಾಚಿ ತೋರಿಸಿದೆ. ತೋರಿಸುತ್ತಲೇ ನನಗೆ ಹೊಳೆಯಿತು. ಇಷ್ಟು ದೊಡ್ಡ ಗಂಟೆಯನ್ನು ನಮಗೆಲ್ಲ ಕೊಟ್ಟವರಿಗೇ ಅದಿಲ್ಲವಲ್ಲ.

ಅವತ್ತಿನಿಂದ ನನಗೆ ಒಂದೇ ಹಟ. ಕಾಕಾಗೆ ಕೇಳಿಸಬೇಕು.

ಮನೆಯಲ್ಲಿ ಆ ದಾರ ಹಿಡಿದು ಆಡುವಾಗ ಒಂದು ಸಂಗತಿ ಕಂಡುಕೊಂಡಿದ್ದೆ. ಕಿವಿಗೆ ಹತ್ತಿ ತುರುಕಿಕೊಂಡು ದಾರವನ್ನು ಹಲ್ಲಿನಲ್ಲಿ ಕಚ್ಚಿದರೂ ಸದ್ದು ಬರುತ್ತದೆ! ಅಂದರೆ ಕಿವಿಯ ಬಾಗಿಲು ಹಾಕಿದ್ದರೂ ಹಿತ್ತಲ ಬಾಗಿಲಿನಿಂದ ಹೋಗಬಹುದು ಎಂದು ನನ್ನ ಲೆಕ್ಕ. ಒಂದು ತಿಂಗಳು ಬೇರೆ ಕೆಲಸವೇ ಇಲ್ಲ. ಹತ್ತಿ ನೂಲು, ರೇಷ್ಮೆ ಎಳೆ, ಗಾಳಿಪಟದ ಮಾಂಜಾ, ಅಣ್ಣನ ಸೈಕಲ್ಲಿನ ಬ್ರೇಕ್ ತಂತಿ, ಎಲ್ಲವನ್ನೂ ಕಚ್ಚಿ ನೋಡಿದೆ. ಮಾಂಜಾ ತುಟಿ ಕೊಯ್ದಿತು. ಬ್ರೇಕ್ ತಂತಿಗೆ ಅಣ್ಣನಿಂದ ಬೆನ್ನಿಗೆ ಗುದ್ದು ಬಿತ್ತು. ಶಾಲೆಯ ಗೆಳತಿಯರು ಕಿವುಡನ ಮುಂದೆ ಕಿನ್ನರಿ ಬಾರಿಸಲು ಹೊರಟವಳು ಎಂದು ಚೇಷ್ಟೆ ಮಾಡಿದರು. ಕೊನೆಗೆ ಹುರಿ ಮಾಡಿದ ರೇಷ್ಮೆಯೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದು ಗೊತ್ತಾಯಿತು.

ಮುಂದಿನ ಅಮಾವಾಸ್ಯೆಗೆ ಮಗ್ಗದ ಮನೆಯ ಉದ್ದಕ್ಕೆ ದಾರ ಕಟ್ಟಿದೆ. ಆ ತುದಿಯನ್ನು ಕಾಕಾ ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿಕೊಂಡು ಕೂತರು. ಈ ತುದಿಯಲ್ಲಿ ಬೆಂಕಿಪೊಟ್ಟಣ ಹಿಡಿದು ನಾನು. ಏನು ಹೇಳಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿದ್ದೆ. "ಕಾಕಾ, ಊಟಾತೇನ್ರಿ?" ನಮ್ಮ ಕಡೆ ಎದುರು ಸಿಕ್ಕವರೆಲ್ಲ ಕೇಳುವ ಮಾತು. ಕಾಕಾನ ಕಿವಿ ಹೋದ ಮೇಲೆ ಅವರನ್ನು ಮಾತ್ರ ಯಾರೂ ಹಾಗೆ ಕೇಳುತ್ತಿರಲಿಲ್ಲ.

ಒಮ್ಮೆ ಹೇಳಿದೆ. ಮತ್ತೊಮ್ಮೆ, ಇನ್ನೂ ಜೋರಾಗಿ. ಮೂರನೆಯ ಸಲ ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ಕಾಕಾ ಕಣ್ಣು ತೆರೆದರು. ಬಾಗಿಲಲ್ಲಿ ನಿಂತಿದ್ದ ಕಾಕೂ ನನ್ನ ಮುಖ ನೋಡಿ, ಹೂಂ ಅನ್ನಿ, ಕೇಳಿತೆಂದು ಹೇಳಿಬಿಡಿ ಎಂದು ಗಂಡನಿಗೆ ಸನ್ನೆ ಮಾಡಿದರು. ಕಾಕಾ ದಾರವನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಕೇಳಲಿಲ್ಲವ್ವಾ. ಹಲ್ಲು ಝುಮ್ಮ್ ಅಂದ್ವು, ಅಷ್ಟ" ಎಂದರು. ಆಮೇಲೆ ಕಾಕೂ ಕಡೆ ತಿರುಗಿ, "ಸುಳ್ಳ ಹೆಂಗ ಹೇಳ್ಲಿ? ಹುಡುಗಿ ಒಂದು ತಿಂಗಳು ದುಡದಾಳ" ಎಂದರು.

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಬೆಂಕಿಪೊಟ್ಟಣ ಎಸೆದು ಮನೆಗೆ ಓಡಿದೆ. ಒಂದು ಸುಳ್ಳು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಅತ್ತೆ. ಮುಂದಿನ ಅಮಾವಾಸ್ಯೆಗೆ ಹೋಗಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಆಮೇಲೆ ಹೋಗುವುದಕ್ಕೆ ನಾಚಿಕೆ. ಹೈಸ್ಕೂಲು, ಕಾಲೇಜು, ಧಾರವಾಡದಲ್ಲಿ ಶಿಕ್ಷಕರ ತರಬೇತಿ... ಕಾಕಾ ಹೋದ ಖಬರು ನನಗೆ ಮುಟ್ಟಿದ್ದು ಹದಿನೈದು ದಿನ ತಡವಾಗಿ. ತರಬೇತಿಯಲ್ಲಿ ಓದುವಾಗಲೇ ಗೊತ್ತಾಗಿತ್ತು, ಸದ್ದಿನಿಂದ ಒಳಗಿನ ನರವೇ ಸವೆದಿದ್ದರೆ ಯಾವ ದಾರ ಕಚ್ಚಿದರೂ ಅಷ್ಟೇ ಎಂದು. ಕಾಕಾ ಖರೆಯನ್ನೇ ಹೇಳಿದ್ದರು. ನನ್ನ ಒಂದು ತಿಂಗಳ ಕೆಲಸಕ್ಕೆ ಅವರಷ್ಟು ಮರ್ಯಾದೆ ಮತ್ತೆ ಯಾರೂ ಕೊಟ್ಟಿಲ್ಲ ಎಂದು ಈಗ ಅನ್ನಿಸುತ್ತದೆ. ಅದನ್ನು ಅವರಿಗೆ ಹೇಳಬೇಕಿತ್ತು.

ಕಂಡಿಕೆಯ ವಾಸನೆ ಬಿಡಲಿಲ್ಲ. ಮರುದಿನ ಭಾನುವಾರ ಬೆಟಗೇರಿಗೆ ಹೋದೆ. ಮಗ್ಗಗಳು ಮಾರಿಹೋಗಿವೆ, ಆ ಕೋಣೆಯಲ್ಲಿ ಈಗ ಬಾಡಿಗೆಯವರಿದ್ದಾರೆ. ಕಾಕೂಗೆ ಕಣ್ಣು ಮಂದ, ದನಿಯಿಂದ ಗುರುತು ಹಿಡಿದು ಪಕ್ಕದಲ್ಲಿ ಕೂಡ್ರಿಸಿಕೊಂಡರು. ನಾನು ಮಕ್ಕಳ ಫೋನಿನ ಸುದ್ದಿ ಹೇಳಿದ್ದೇ ತಡ, ನಗತೊಡಗಿದರು.

"ನಿನ್ನ ದಾರ ಮೂರು ಅಮಾಸಿತನಾ ಬಿಚ್ಚಗೊಡಲಿಲ್ಲ ನೋಡವಾ. ಆಕಿ ಬರ್ತಾಳ, ಇನ್ನೊಂದೀಟು ಬಿಗಿ ಮಾಡಿ ನೋಡೂದೈತಿ ಅಂತಿದ್ರು. ನಾವು ಅದರ ಬುಡಕ ಬಗ್ಗಿ ಬಗ್ಗಿ ಅಡ್ಡಾಡತಿದ್ವಿ."

ನಾಲ್ಕು ಮನೆ ದೂರದಲ್ಲಿದ್ದ ನನ್ನನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಬಂದಿದ್ರಲ್ಲ. ನಿಮ್ಮ ಬಾಗಲಾ ಹಾಕಿತ್ತಂತ. ಕೂಗಿದ್ರ ಒಳಗಿಂದ ಹುಡುಗಿ ಬರ್ತೀನಿ ಅಂತಾಳೋ ಒಲ್ಲೆ ಅಂತಾಳೋ, ನನಗ ಹೆಂಗ ಗೊತ್ತಾಗಬೇಕು ಅಂತಂದು ಹಂಗ ಹೊಳ್ಳಿ ಬಂದ್ರು. ಮೂರು ಸಲನೂ ಹಂಗ ಮಾಡಿದ್ರು."

ಕಾಕೂ ಇನ್ನೂ ನಗುತ್ತಲೇ ಇದ್ದರು. ಆ ಮೂರು ಅಮಾವಾಸ್ಯೆಯೂ ನಾನು ಮನೆಯಲ್ಲೇ ಇದ್ದೆ, ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಅವರು ಕರೆಯುವುದನ್ನೇ ಕಾಯುತ್ತಿದ್ದೆ.