ಪಕ್ಷಮಾಸದಲ್ಲಿ ಆಸ್ಟ್ರಲೋಪಿಥೆಕಸ್

ಪುಣೆಯ ಸದಾಶಿವ ಪೇಠೆಯ ವಾಡೆಯೊಂದರಲ್ಲಿ ನಾವಿದ್ದ ಆ ಕಾಲದಲ್ಲಿ ನನಗೆ ಎಲ್ಲದರ ಮೇಲೂ ಸಂಶಯ. ಹಾಲಿನವನ ಮೇಲೆ, ಗೋಟಿ ಆಡುವ ಗೆಳೆಯರ ಮೇಲೆ, ಕೊನೆಗೆ ಅಟ್ಟದ ಬೆಕ್ಕಿನ ಮೇಲೂ. ಅದು ಅಜ್ಜಿಯಿಂದ ಬಂದ ಗುಣ. ಆದರೆ ಒಂದು ಪದಕ್ಕೇ ಹೆದರಿದ್ದು ಆರನೇ ಇಯತ್ತೆಯ ಪಿತೃಪಕ್ಷದಲ್ಲಿ.

ಶಾಲೆಯಲ್ಲಿ ವಿಜ್ಞಾನ ಸ್ಪರ್ಧೆಯಿತ್ತು. ವೇದಿಕೆಯ ಮೇಲೆ ಒಂದು ಹೆಸರು ಸರಿಯಾಗಿ ಉಚ್ಚರಿಸಿ, ಬಿಡಿಸಿ ಅರ್ಥ ಹೇಳಬೇಕು. ನನ್ನ ಪಾಲಿಗೆ ಬಂದದ್ದು ‘ಆಸ್ಟ್ರಲೋಪಿಥೆಕಸ್’. “ಅರೇ, ‘ಪಿ’ವರ ಜೋರ ದೇ!” ಎಂದು ಮರಾಠಿ ಟೀಚರು ಮೇಜು ಕುಟ್ಟಿ, ‘ಪಿ’ಗೆ ಒತ್ತು ಕೊಡುವುದನ್ನು ಕಲಿಸಿದ್ದರು.

ಮನೆಯಲ್ಲಿ ವಡೆ ಕರಿಯುವ ವಾಸನೆ, ಮಾಳಿಗೆಯ ಮೇಲೆ ಕಾಗೆಗಳ ಗಲಾಟೆ. ನನ್ನ ಬಾಯಿಪಾಠ ಕಿವಿಗೆ ಬಿದ್ದು, ಮಡಿಯಲ್ಲಿದ್ದ ಅಜ್ಜಿ ಒಲೆಯ ಮುಂದಿನಿಂದಲೇ ಕೇಳಿದಳು:

“ಏ ತಮ್ಮಾ, ಯಾವ ಮಂತ್ರ ಅದು?”

“ಮಂತ್ರ ಅಲ್ಲಜ್ಜಿ, ಸಾಯನ್ಸು. ಆಸ್ಟ್ರಲೋ ಅಂದ್ರ ದಕ್ಷಿಣದ್ದು, ಪಿಥೆಕಸ್ ಅಂದ್ರ ಮಂಗ್ಯಾ. ನಮ್ಮ ಭಾಳ ಹಿಂದಿನ ಹಿರೇರು.”

ಅಜ್ಜಿಯ ಸೌಟು ನಿಂತಿತು. “ಅಯ್ಯ ದೇವರ! ದಕ್ಷಿಣ ದಿಕ್ಕು, ಹಿರೇರು, ಅದೂ ಪಕ್ಷಮಾಸದಾಗ! ಅಪ್ಪ ಗಟ್ಟಿಮುಟ್ಟಾಗಿ ಇರೋವಾಗ ಮಗ ಹಿರೇರನ್ನ ಕರೀಬಾರ್ದು. ನಿಮ್ಮಪ್ಪನ ಆಯುಷ್ಯಕ್ಕ ಕುತ್ತದ.”

ನಾನು ನಂಬಲಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಪದವನ್ನು ಅಭ್ಯಾಸ ಮಾಡಿದೆ. ಅಂದೇ ಸಂಜೆ ಪಿಂಪ್ರಿಯ ಕಾರ್ಖಾನೆಯಿಂದ ಅಪ್ಪ ಕೈಗೆ ಪಟ್ಟಿ ಕಟ್ಟಿಕೊಂಡು ಬಂದರು. “ಏನಿಲ್ಲೋ, ಕಬ್ಬಿಣದ ಚೂರು ತಾಗೇದ” ಎಂದು ನಕ್ಕರು. ನಾನು ಅಭ್ಯಾಸ ಅಲ್ಲಿಗೇ ನಿಲ್ಲಿಸಿದೆ. ಆಮೇಲೆ ಅಪ್ಪ ಕೆಮ್ಮಿದರೆ ಸಂಶಯ, ಅಪ್ಪನ ಲೋಕಲ್ ರೈಲು ತಡವಾದರೆ ಸಂಶಯ, ಕಾಗೆ ನಮ್ಮ ಕಿಟಕಿಯತ್ತಲೇ ನೋಡಿದರೂ ಸಂಶಯ.

ಸ್ಪರ್ಧೆಯ ದಿನ ಅಪ್ಪ ರಜೆ ಹಾಕಿ ಬಂದು ಮೊದಲ ಸಾಲಿನಲ್ಲೇ ಕೂತರು. ವೇದಿಕೆಯಿಂದ ನನ್ನ ಹೆಸರು ಕೂಗಿದರು, ಹತ್ತಿ ನಿಂತೆ. ಪದ ನಾಲಿಗೆಯ ತುದಿಯಲ್ಲೇ ಇತ್ತು. ಅಪ್ಪನ ಕೈಯ ಪಟ್ಟಿ ನೋಡಿದೆ, ತುಟಿ ಬಿಗಿಹಿಡಿದೆ. ಟೀಚರು ಕಣ್ಸನ್ನೆ ಮಾಡಿ ಸೋತರು. ಹುಡುಗರು ಹೋ ಎಂದರು. ನಾನು ಹಾಗೆಯೇ ಕೆಳಗಿಳಿದೆ.

ದಾರಿಯಲ್ಲಿ ಅಪ್ಪ ಭೇಳ್ ಕೊಡಿಸಿ, “ಮರ್ತಿ ಏನೋ?” ಎಂದರು.

“ಹೂಂ” ಎಂದೆ. ಅಪ್ಪ ಖಾರಕ್ಕೆ ಸುಸ್ಸೆನ್ನುತ್ತ ಪಕ್ಕದಲ್ಲೇ ನಡೆಯುತ್ತಿದ್ದರು. ಅಷ್ಟು ಖುಷಿ ನನಗೆ ಯಾವ ಬಹುಮಾನದಿಂದಲೂ ಆಗುತ್ತಿರಲಿಲ್ಲ.

ಈಗ ಫೋನಿಗೆ ಕೇಳಿದರೆ ಆ ಪದವನ್ನು ಅದೇ ಉಚ್ಚರಿಸಿ ತೋರಿಸುತ್ತದೆ. ಅಜ್ಜಿಯ ಮಾತು ಹೇಳಿದರೆ ನನ್ನ ಮಗಳು ಬಿದ್ದು ಬಿದ್ದು ನಗುತ್ತಾಳೆ. ನಗಲಿ, ಅವಳಪ್ಪ ಇದ್ದಾನೆ. ಮೊನ್ನೆಯ ಪಿತೃಪಕ್ಷದಲ್ಲಿ ಮೊದಲ ಸಲ ದಕ್ಷಿಣಕ್ಕೆ ತಿರುಗಿ, ಅಪ್ಪನ ಹೆಸರು ಹೇಳಿ ಎಳ್ಳುನೀರು ಬಿಟ್ಟೆ. ಎದ್ದವನು ಆ ಪದವನ್ನೂ ಗಟ್ಟಿಯಾಗಿ ಹೇಳಿದೆ. ಒಂದಕ್ಷರವೂ ತಪ್ಪಲಿಲ್ಲ. ಇನ್ನು ಹೇಳಬಹುದು, ಯಾರಿಗೂ ಏನೂ ಆಗುವುದಿಲ್ಲ.