ಮಡೆಪ್ಪನವರ ಕೂಗು

ಬೀದರಿನಲ್ಲಿ ಮೂರು ತಲೆಮಾರಿನಿಂದ ಹರಾಜಖಾನೆ ನಡೆಸುವ ಮನೆತನದ ಮಡೆಪ್ಪನವರು ಸಾಮಾನಿಗಿಂತ ಮೊದಲು ಅದರ ವಂಶಾವಳಿಯನ್ನೇ ಮಾರುತ್ತಿದ್ದರು. ಅವರ ಕೈಗೆ ಬಂದ ಮುರುಕು ಕುರ್ಚಿಯ ಮೇಲೂ ಯಾರೋ ಒಬ್ಬ ತಾಲೂಕದಾರ ಕೂತೆದ್ದಿರಲೇಬೇಕು. ‘ತಗೋರಿ ಸಾವ್ಕಾರ್ರ, ಕಾಲು ಹೋಗ್ಯಾವ, ಗತ್ತು ಹೋಗಿಲ್ರಿ’ ಎಂದರೆ ಔರಾದಿನ ಕುರಿ ವ್ಯಾಪಾರಿಯೂ ಬೆನ್ನು ನೆಟ್ಟಗೆ ಮಾಡುತ್ತಿದ್ದ. ತಾವು ಮಾರಿದ ಬಿದರಿ ಸಾಮಾನು ಯಾವ ಯಾವ ಮನೆಯಲ್ಲಿದೆಯೆಂಬುದು ಅವರಿಗೆ ಬಾಯಿಪಾಠ; ಹೆಂಡತಿ ಕಾಂತಾಬಾಯಿ ತರಹೇಳಿದ ಉಪ್ಪು ಮಾತ್ರ ದಿನವೂ ಮರೆವು. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ನಿನ ಮರುತಿಂಗಳು, ಮುಸಲ್ಮಾನರ ಮನೆಗಳು ಲೂಟಿಯಾಗಿದ್ದ ದಿನಗಳಲ್ಲಿ, ಒಮ್ಮೆಲೇ ಸಾಹುಕಾರನಾಗಿದ್ದ ಭಾಲ್ಕಿಯ ಧೊಂಡಿಬಾ ಎಲೆ ಅಡಿಕೆಯ ಬಿದರಿ ಪಾನದಾನವೊಂದನ್ನು ಮಾರಲು ತಂದಿಟ್ಟ. ಮಡೆಪ್ಪನವರು ಎಂದಿನಂತೆ ಎದ್ದು ಗಂಟಲು ಸರಿಮಾಡಿಕೊಂಡರು. ‘ಇದು ಖುರ್ಷೀದಬೀ ಅವರ ಮದುವಿ ಪಾನದಾನ ರೀ. ಅವರಪ್ಪ ಇಲ್ಲೇ ಕೊಂಡಿದ್ರು. ಅವರ ಮನಿ ಲೂಟಿ ಆಗ್ಯದ. ಅವರು ಬಗದಲ್‌ದಾಗ ತಮ್ಮನ ಮನ್ಯಾಗ ಅದಾರ, ಜೀವಂತ ಅದಾರ. ಹೇಳ್ರಿ, ಸವಾಲ್ ಯಾರು ಹಾಕ್ತೀರಿ?’ ಕೊಳ್ಳಲು ಬಂದವರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡರು. ಎತ್ತಿಗೆ ನೀರು ತೋರಿಸಿ ಬರುತ್ತೇನೆಂದು ಎದ್ದುಹೋದ ಧೊಂಡಿಬಾ ಪಾನದಾನ ಕೇಳಲು ತಿರುಗಿ ಬರಲಿಲ್ಲ. ಮರುದಿನ ಮಡೆಪ್ಪನವರು ಅದನ್ನು ಧೋತರದಲ್ಲಿ ಸುತ್ತಿಕೊಂಡು ಬಗದಲ್‌ಗೆ ನಡೆದರು. ಬಾಗಿಲಿಗೆ ಬಂದ ಖುರ್ಷೀದಬೀಯ ಕೈಗೆ ಅದನ್ನಿಟ್ಟು, ‘ನಿಮ್ದೇ ಅದ ರೀ, ಆಪಾ’ ಎಂದರು. ಇಡೀ ಚೌಕಕ್ಕೆ ಕೇಳುವ ಆ ಗಂಟಲಿನಿಂದ ಮೆಲ್ಲಗೆ ಬಂದ ಮಾತನ್ನು ಆಕೆ ಎರಡು ಸಲ ಕೇಳಿ ತಿಳಿದುಕೊಳ್ಳಬೇಕಾಯಿತು.